ಸಾಂದಣ ದರಿಯಿಂದ ನನ್ನನ್ನು ಹಿಂದಕ್ಕೆ ಕಳುಹಿಸಿದ ಮಾರ್ಗದರ್ಶಿ: ಹನ್ನೆರಡು ವರ್ಷಗಳ ನಂತರ ಒಂದು ಪ್ರಶ್ನೆ

ಪ್ರಶ್ನೆ: ಮುಂಬಯಿ ಸಮೀಪದ ಠಾಣೆಯಲ್ಲಿರುವ ಬಾದಾಮಿಯವ

ಎಲ್ಲ ಸದಸ್ಯರಿಗೂ ನಮಸ್ಕಾರ. ಹನ್ನೆರಡು ವರ್ಷಗಳಿಂದ ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ. ಬರಹ ದೀರ್ಘವಾಗುತ್ತದೆ, ಕ್ಷಮಿಸಬೇಕು. ವಿವರಗಳನ್ನು ಹೇಳದೆ ಉತ್ತರ ಕೇಳುವುದು ನ್ಯಾಯವಲ್ಲ.

2014ರ ಫೆಬ್ರವರಿಯಲ್ಲಿ, ನನಗೆ 48 ವರ್ಷವಾಗಿದ್ದಾಗ, ನಮ್ಮ ಕಚೇರಿಯ ಇಪ್ಪತ್ತೆರಡು ಜನ ಸೇರಿ ಭಂಡಾರದರಾ ಸಮೀಪದ ಸಾಂದಣ ದರಿಗೆ ಹೋಗಿದ್ದೆವು. ಆ ಜಾಗವನ್ನು ನೋಡದವರಿಗೆ ತಿಳಿಸುವುದಾದರೆ, ಅಂದಿನ ಅಹಮದ್‌ನಗರ, ಇಂದಿನ ಅಹಿಲ್ಯಾನಗರ ಜಿಲ್ಲೆಯ ಅಕೋಲೆ ತಾಲ್ಲೂಕಿನಲ್ಲಿ ಸಾಮ್ರದ್ ಎಂಬ ಹಳ್ಳಿಯಿದೆ. ಹಳ್ಳಿಯನ್ನು ದಾಟಿ ಸ್ವಲ್ಪ ನಡೆದರೆ, ನೆಲವನ್ನು ಮೇಲಿನಿಂದ ಕೊಯ್ದು ಅಗಲಿಸಿದಂತೆ ಒಂದು ಸೀಳು ತೆರೆದುಕೊಳ್ಳುತ್ತದೆ. ಸುಮಾರು ಎರಡು ಕಿಲೋಮೀಟರ್ ಉದ್ದದ ಆ ಸೀಳಿನ ಗೋಡೆಗಳು ಇನ್ನೂರು ಮುನ್ನೂರು ಅಡಿ ಎತ್ತರವಿದ್ದು, ಕೆಲವೆಡೆ ಅವು ಎಷ್ಟು ಹತ್ತಿರ ಬರುತ್ತವೆಂದರೆ ತಳಕ್ಕೆ ಬಿಸಿಲು ಇಳಿಯುವುದೇ ಅಪರೂಪ. ನಮ್ಮ ಕನ್ನಡದ 'ಗಿರಿ ದರಿ' ಎಂಬ ಮಾತಿನಲ್ಲಿರುವ ದರಿಯೇ ಮರಾಠಿಯವರ ದರಿ ಕೂಡ ಆಗಿರುವುದರಿಂದ, ಆ ಹೆಸರನ್ನು ಕೇಳಿದಾಗಲೇ ನನಗೆ ಅದು ಪರಿಚಿತ ಜಾಗವೆನಿಸಿಬಿಟ್ಟಿತ್ತು.

ಹಿಂದಿನ ರಾತ್ರಿ ಸಾಮ್ರದ್‌ನಲ್ಲಿ ಡೇರೆಗಳಲ್ಲಿ ಮಲಗಿ, ಬೆಳಿಗ್ಗೆ ಪೋಹೆ ತಿಂದು ಚಹಾ ಕುಡಿದು ದರಿಗೆ ಇಳಿದೆವು. ಒಳಗೆ ಬಂಡೆಗಳ ರಾಶಿಯ ಮೇಲೆ ನಡೆದು, ಎರಡು ಕಡೆ ನೀರನ್ನು ದಾಟಿ, ಮುಂದೆ ಹಗ್ಗ ಕಟ್ಟಿ ಕಡಿದಾದ ಬಂಡೆಯ ಅಂಚುಗಳಿಂದ ಇಳಿದು, ಸಂಜೆಯ ಹೊತ್ತಿಗೆ ಕೆಳಗೆ ಕೊಂಕಣದ ಮಟ್ಟದಲ್ಲಿರುವ, ಶಹಾಪುರ ತಾಲ್ಲೂಕಿನ ಡೆಹಣೆ ಹಳ್ಳಿಯನ್ನು ಸೇರಿ, ಅಲ್ಲಿಂದ ಆಸನಗಾಂವ್ ಸ್ಟೇಷನ್‌ಗೆ ಬಂದು ಲೋಕಲ್ ಹಿಡಿಯುವುದು ನಮ್ಮ ಯೋಜನೆಯಾಗಿತ್ತು. ನಮ್ಮನ್ನು ಕರೆದೊಯ್ಯುತ್ತಿದ್ದವನು ಸಾಮ್ರದ್‌ನವನೇ ಆದ, ಇಪ್ಪತ್ತೈದರ ಆಸುಪಾಸಿನ ಹುಡುಗ. ಅವನೊಂದಿಗೆ ಇನ್ನೂ ಮೂವರು ಸಹಾಯಕರಿದ್ದರು.

ಮೊದಲ ಹಗ್ಗದ ಇಳಿತದ ಬಳಿ ನಾವು ಒಬ್ಬೊಬ್ಬರಾಗಿ ಹಾರ್ನೆಸ್, ಅಂದರೆ ಸೊಂಟಕ್ಕೂ ತೊಡೆಗಳಿಗೂ ಬಿಗಿಯುವ ಪಟ್ಟಿ, ಕಟ್ಟಿಸಿಕೊಳ್ಳುತ್ತಿದ್ದಾಗ, ಆ ಹುಡುಗ ನನ್ನ ಬಳಿ ಬಂದು, ನೀವು ಇಲ್ಲಿಂದ ಹಿಂದಿರುಗಿ, ನಮ್ಮ ಒಬ್ಬ ಹುಡುಗ ನಿಮ್ಮನ್ನು ಹಳ್ಳಿಗೆ ಮುಟ್ಟಿಸುತ್ತಾನೆ ಎಂದು ಹೇಳಿದ. ನಾನು ಕಾರಣ ಕೇಳಿದೆ. "ತೊಂದರೆಯಾಗುತ್ತದೆ, ಕಾಕಾ" ಎಂದಷ್ಟೇ ಹೇಳಿ ಹಗ್ಗದ ಕಡೆಗೆ ಹೋದ. ನನಗಿಂತ ಏಳು ವರ್ಷ ಹಿರಿಯರಾದ, ಮೈಭಾರವೂ ಹೆಚ್ಚಿದ್ದ ಸಹೋದ್ಯೋಗಿಯೊಬ್ಬರನ್ನು ಅವನು ತಡೆಯಲಿಲ್ಲ. ಆ ದಿನಗಳಲ್ಲಿ ನಾನು ಉಪವನ ಕೆರೆಯ ಸುತ್ತ ಪ್ರತಿದಿನ ಐದು ಕಿಲೋಮೀಟರ್ ತಪ್ಪದೆ ನಡೆಯುತ್ತಿದ್ದೆ. ಬಾಲ್ಯದಲ್ಲಿ ಬಾದಾಮಿಯ ಗುಡ್ಡಗಳನ್ನು ಬರಿಗಾಲಲ್ಲಿ ಹತ್ತಿ ಇಳಿದವನು ನಾನು. ಹಗ್ಗವನ್ನು ಕಂಡು ನನಗೆ ಭಯವಾಗಿರಲಿಲ್ಲ, ಇದನ್ನು ಪ್ರಾಮಾಣಿಕವಾಗಿ ಹೇಳುತ್ತಿದ್ದೇನೆ. ಬಂಡೆಗಳ ಮೇಲೆ ಮೂರು ನಾಲ್ಕು ಬಾರಿ ಜಾರಿದ್ದು ನಿಜ. ತಂಡ ನನಗಾಗಿ ಒಂದೆರಡು ಕಡೆ ಕಾದದ್ದೂ ನಿಜ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹಿಂದಕ್ಕೆ ಕಳುಹಿಸಿದ್ದಕ್ಕಿಂತಲೂ ಹೆಚ್ಚಾಗಿ ಮನಸ್ಸಿಗೆ ತಾಗಿದ್ದು ಅದೇ. ನಾನು ಜಾರಿದಾಗಲೆಲ್ಲ ಆ ಹುಡುಗ ಹಿಂದಿರುಗಿ ನೋಡಿ, "ಕಾಕಾ, ಮಾನ ಖಾಲೀ ಘಾಲೂನ ಬಘಾ" ಎನ್ನುತ್ತಿದ್ದ. ಕತ್ತು ಬಗ್ಗಿಸಿ ನೋಡಿ ಎಂಬುದು ಅದರ ನೇರ ಅರ್ಥವಾದರೂ, ನಮ್ಮಲ್ಲಿ ತಲೆ ತಗ್ಗಿಸುವುದು ಎಂದರೆ ಏನು ಅರ್ಥವೋ ಮರಾಠಿಯಲ್ಲಿ 'ಮಾನ ಖಾಲೀ ಘಾಲಣೆ' ಎಂಬುದಕ್ಕೂ ಅದೇ ಅರ್ಥವಿದೆ. ಜೊತೆಯಲ್ಲಿದ್ದ ಕಿರಿಯರು ನಕ್ಕರು. ಆಮೇಲೆ ಸಾಮ್ರದ್‌ಗೆ ಒಬ್ಬನೇ ಮರಳಿ, ಆ ಹುಡುಗನ ಮನೆಯವರೇ ಬಡಿಸಿದ ನಾಚಣಿ ಭಾಕರಿಯನ್ನು, ಅಂದರೆ ರಾಗಿ ರೊಟ್ಟಿಯನ್ನು, ಮುಂದಿಟ್ಟುಕೊಂಡು ಕುಳಿತಾಗ, ಊಟ ಗಂಟಲಿನಿಂದ ಇಳಿಯಲಿಲ್ಲ.

ಈಗ ನನಗೆ 60. ಪುಣೆಯಲ್ಲಿ ಕೆಲಸ ಮಾಡುತ್ತಿರುವ ಮಗಳು ಬರುವ ಫೆಬ್ರವರಿಯಲ್ಲಿ ಗೆಳತಿಯರೊಂದಿಗೆ ಅದೇ ದರಿಗೆ ಹೋಗುತ್ತಿದ್ದು, "ಅಪ್ಪಾ, ನೀವೂ ಬರ್ರಿ" ಎಂದು ಕರೆಯುತ್ತಿದ್ದಾಳೆ. ನನ್ನ ಪ್ರಶ್ನೆ ಇಷ್ಟು: ಅಂದು ಅವನು ನನ್ನ ನರೆಗೂದಲನ್ನು ನೋಡಿ ತೀರ್ಮಾನಿಸಿದನೇ, ಅಥವಾ ನನಗೆ ಕಾಣದ ಏನನ್ನಾದರೂ ಅವನು ಕಂಡಿದ್ದನೇ? ಎರಡನೆಯದಾದರೆ, ಅದು ಏನಿರಬಹುದು? ಇದಕ್ಕೆ ಉತ್ತರ ಸಿಕ್ಕರೆ ಈ ಬಾರಿ ಹೋಗಬೇಕೇ ಬೇಡವೇ ಎಂಬುದನ್ನು ನಾನೇ ನಿರ್ಧರಿಸಬಲ್ಲೆ.

ಉತ್ತರ 1: ಸಹ್ಯಾದ್ರಿ ಸಂಚಾರಿ, ಪುಣೆ

ನಮಸ್ಕಾರ ಸರ್. ಹದಿನೆಂಟು ವರ್ಷಗಳಿಂದ ವಾರಾಂತ್ಯಗಳಲ್ಲಿ ತಂಡಗಳನ್ನು ಕರೆದುಕೊಂಡು ಸಹ್ಯಾದ್ರಿಯಲ್ಲಿ ಓಡಾಡುತ್ತಿದ್ದೇನೆ, ಸಾಂದಣದಲ್ಲಿಯೂ ಹಲವು ಬಾರಿ ಇಳಿದಿದ್ದೇನೆ. ಆ ಹುಡುಗನ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಳಲಾರೆ. ಆದರೆ ಆ ಜಾಗದಲ್ಲಿ ನಿಂತ ಯಾವ ಮಾರ್ಗದರ್ಶಿಯಾದರೂ ಯಾವ ಲೆಕ್ಕ ಹಾಕುತ್ತಾನೆಂಬುದನ್ನು ಹೇಳಬಲ್ಲೆ.

ಮೊದಲ ಹಗ್ಗದ ಇಳಿತವೆಂಬುದು ಆ ದಾರಿಯ ಹೊಸ್ತಿಲು. ಅಲ್ಲಿಯವರೆಗೆ ಯಾರಿಗೆ ಏನಾದರೂ ನಡೆದೇ ಹಿಂದಿರುಗಬಹುದು. ಕೊನೆಯವನು ಇಳಿದ ಮೇಲೆ ಹಗ್ಗವನ್ನು ಕೆಳಗೆ ಎಳೆದುಕೊಳ್ಳುತ್ತೇವೆ, ಏಕೆಂದರೆ ಮುಂದಿನ ಇಳಿತಕ್ಕೂ ಅದೇ ಹಗ್ಗ ಬೇಕು. ಹಗ್ಗ ಕೆಳಗೆ ಬಂದ ಕ್ಷಣದಿಂದ ಹಿಂದಿನ ದಾರಿ ಮುಚ್ಚಿಹೋಯಿತು. ಕಾಲು ಉಳುಕಿದರೂ, ಕತ್ತಲಾದರೂ, ಡೆಹಣೆಯ ಕಡೆಗೇ ಹೋಗಬೇಕು. ಆದ್ದರಿಂದ ಆ ಜಾಗದಲ್ಲಿ ಮಾರ್ಗದರ್ಶಿ ಕೇಳಿಕೊಳ್ಳುವ ಪ್ರಶ್ನೆ 'ಇವರು ಹಗ್ಗದಲ್ಲಿ ಇಳಿಯಬಲ್ಲರೇ' ಎಂಬುದಲ್ಲ. ಹಗ್ಗದಲ್ಲಿ ಹೆಚ್ಚುಕಡಿಮೆ ಯಾರನ್ನು ಬೇಕಾದರೂ ಇಳಿಸಬಹುದು, ಅದಕ್ಕೆ ಹಾರ್ನೆಸ್ ಇದೆ, ಇಳಿಯುವ ವೇಗವನ್ನು ಹಿಡಿತದಲ್ಲಿಡುವ ಡಿಸೆಂಡರ್ ಇದೆ, ಕೈ ತಪ್ಪಿದರೆ ತಡೆಯಲು ಮೇಲಿನಿಂದ ಇನ್ನೊಂದು ಹಗ್ಗದ ಬಿಲೇ ಇದೆ. ನಿಮ್ಮ ಹಿರಿಯ ಸಹೋದ್ಯೋಗಿಯ ಭಾರವನ್ನು ಹೊತ್ತದ್ದು ಹಗ್ಗವೇ. ಅವನು ಕೇಳಿಕೊಂಡಿರುವ ಪ್ರಶ್ನೆ, ಇಳಿದ ಮೇಲೆ ಇನ್ನೂ ನಾಲ್ಕೈದು ಗಂಟೆ ಇದೇ ಬಂಡೆರಾಶಿಯ ಮೇಲೆ ಇವರು ನಡೆಯಬಲ್ಲರೇ, ಎಂಬುದು. ಸಾಂದಣದಲ್ಲಿ ಕಷ್ಟವಿರುವುದು ಆ ನಡಿಗೆಯಲ್ಲಿ. ಜನ ಹಗ್ಗದ ಫೋಟೋ ಹಾಕುತ್ತಾರೆ, ಬಂಡೆಗಳ ಫೋಟೋ ಯಾರೂ ಹಾಕುವುದಿಲ್ಲ.

ಫೆಬ್ರವರಿಯಲ್ಲಿ ಸಂಜೆ ಆರೂವರೆಗೆ ಸೂರ್ಯ ಮುಳುಗಿದರೆ, ದರಿಯೊಳಗೆ ಅದಕ್ಕೆ ಬಹಳ ಮುಂಚೆಯೇ ಮಬ್ಬು ಕವಿಯುತ್ತದೆ. ಒಬ್ಬರು ನಿಧಾನವಾದರೆ ಇಪ್ಪತ್ತೆರಡು ಜನವೂ ನಿಧಾನವಾಗುತ್ತಾರೆ. ನಿಮ್ಮ ಬರಹದಲ್ಲಿ 'ಮೂರು ನಾಲ್ಕು ಬಾರಿ ಜಾರಿದೆ, ಒಂದೆರಡು ಕಡೆ ತಂಡ ಕಾದಿತು' ಎಂಬ ಮಾತನ್ನು ನೀವು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಾನಾಗಿದ್ದರೆ ಅಲ್ಲಿಯೇ ನಿಲ್ಲುತ್ತಿದ್ದೆ. ಮೊದಲ ಒಂದೂವರೆ ಎರಡು ಗಂಟೆಯಲ್ಲಿ, ಕಾಲು ಇನ್ನೂ ದಣಿಯದಿರುವಾಗ ನಾಲ್ಕು ಬಾರಿ ಜಾರಿದವರು ಮಧ್ಯಾಹ್ನದ ನಂತರ ಎಷ್ಟು ಬಾರಿ ಜಾರುತ್ತಾರೆ ಎಂದು ಯೋಚಿಸಿ.

ಉಪವನ ಕೆರೆಯ ನಡಿಗೆಯ ಬಗ್ಗೆಯೂ ಒಂದು ಮಾತು. ಸಮತಟ್ಟಾದ ನೆಲದಲ್ಲಿ ಎಷ್ಟೇ ನಡೆದರೂ ಇಳಿಯುವ ಅಭ್ಯಾಸ ಆಗುವುದಿಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬಿಗಿಹಿಡಿದು ಮೈಭಾರವನ್ನು ತಡೆಯಬೇಕಾಗುತ್ತದೆ; ಚಾರಣ ಮುಗಿದ ಮರುದಿನ, ಅದರ ಮರುದಿನ ಮೆಟ್ಟಿಲಿಳಿಯಲು ನೋವಾಗುವುದು ಇದರಿಂದಲೇ. ಮೂವತ್ತರ ನಂತರ ಪ್ರತಿ ದಶಕದಲ್ಲಿಯೂ ಸ್ನಾಯು ಸ್ವಲ್ಪ ಸ್ವಲ್ಪವಾಗಿ ಕರಗುತ್ತಾ ಹೋಗುವುದರಿಂದ, ನಲವತ್ತೆಂಟರಲ್ಲಿ ಅದನ್ನು ಅಭ್ಯಾಸದಿಂದ ಉಳಿಸಿಕೊಳ್ಳದಿದ್ದರೆ ಮೊಣಕಾಲಿನ ಮೇಲೆ ಹೊರೆ ಬೀಳುತ್ತದೆ. ಮಗಳೊಂದಿಗೆ ಹೋಗುವ ಮನಸ್ಸಿದ್ದರೆ ಇಂದಿನಿಂದಲೇ ನಿಮ್ಮ ಕಟ್ಟಡದ ಮೆಟ್ಟಿಲುಗಳನ್ನು ಲಿಫ್ಟಿನಲ್ಲಿ ಹತ್ತಿ, ನಡೆದು ಇಳಿಯಿರಿ, ವಾರಕ್ಕೆ ಮೂರು ದಿನ, ನಿಧಾನವಾಗಿ.

ಉತ್ತರ 2: ಮುಲುಂಡ್‌ನ ನಿವೃತ್ತ ಅಧ್ಯಾಪಕ

ಭೂವಿಜ್ಞಾನವನ್ನು ಪಾಠ ಮಾಡಿದವನಾದ್ದರಿಂದ, ಪ್ರಶ್ನೆಯಲ್ಲಿ ಬಂದ 'ಬಾದಾಮಿಯ ಗುಡ್ಡ' ಎಂಬ ಎರಡು ಪದಗಳ ಮೇಲೆಯೇ ನನ್ನ ಗಮನ ನಿಂತಿತು. ತಾವು ಬಾಲ್ಯದಲ್ಲಿ ಹತ್ತಿ ಇಳಿದದ್ದು ಮರಳುಗಲ್ಲು. ಮರಳಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಆದ ಆ ಕೆಂಪು ಕಲ್ಲಿನ ಮೈ ಉಪ್ಪುಕಾಗದದಂತೆ ಒರಟಾಗಿದ್ದು, ಪಾದವನ್ನು ಹಿಡಿದುಕೊಳ್ಳುತ್ತದೆ. ಬಂಡೆ ಹತ್ತುವ ಕ್ರೀಡೆಯವರು ದೇಶದ ಮೂಲೆ ಮೂಲೆಗಳಿಂದ ಬಾದಾಮಿಗೆ ಬರುವುದು ಸುಮ್ಮನೆ ಅಲ್ಲ. ಬರಿಗಾಲಿನ ಹುಡುಗನಿಗೆ ಅಂಥ ಕಲ್ಲು ಕಲಿಸುವ ಪಾಠವೆಂದರೆ, ಓರೆಯಾಗಿದ್ದರೂ ಪರವಾಗಿಲ್ಲ, ಕಾಲಿಡು, ಅದು ನಿಲ್ಲುತ್ತದೆ, ಎಂಬುದು.

ಸಾಂದಣದ ಕಲ್ಲು ಅದಕ್ಕೆ ತದ್ವಿರುದ್ಧ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ದಖ್ಖಣದ ಬಹುಭಾಗವನ್ನು ಮುಚ್ಚಿದಾಗ ಉಂಟಾದ ಬಸಾಲ್ಟ್ ಅದು. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಈ ಬೆಟ್ಟಗಳಿಗೆ ಡೆಕ್ಕನ್ ಟ್ರ್ಯಾಪ್ ಎಂಬ ಹೆಸರು ಬಂದದ್ದೇ ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ. ಅಲ್ಲಿಂದ ಹೆಚ್ಚು ದೂರವಿಲ್ಲದ ಕಳಸೂಬಾಯಿ, ಅಂದರೆ ಮಹಾರಾಷ್ಟ್ರದ ಅತ್ಯುನ್ನತವಾದ 1,646 ಮೀಟರಿನ ಶಿಖರ, ಕೂಡ ಇದೇ ಪದರಗಳ ರಾಶಿ. ಲಾವಾ ತಣಿಯುವಾಗ ಕುಗ್ಗಿ, ಅದರಲ್ಲಿ ನೇರವಾದ ಬಿರುಕುಗಳು ಮೂಡುತ್ತವೆ. ಘಟ್ಟದ ಅಂಚಿನಲ್ಲಿ ಇಂಥ ಉದ್ದನೆಯ ಬಿರುಕನ್ನು ಹಿಡಿದು ಮಳೆಗಾಲದ ನೀರು ಕೊಂಕಣಕ್ಕೆ ಧುಮುಕುತ್ತಾ ಕೊರೆಯುತ್ತಾ ಹೋದರೆ ಆಳವಾದ, ಇಕ್ಕಟ್ಟಾದ ಕಂದರವಾಗುತ್ತದೆ. ಗೋಡೆಗಳು ಬಿರುಕುಗಳ ಉದ್ದಕ್ಕೂ ಸಡಿಲಗೊಂಡು ತುಂಡು ತುಂಡಾಗಿ ತಳಕ್ಕೆ ಬೀಳುತ್ತಲೇ ಇರುವುದರಿಂದ ತಾವು ನಡೆದದ್ದು ನೆಲದ ಮೇಲೆ ಅಲ್ಲ, ಬಿದ್ದ ಗೋಡೆಯ ಮೇಲೆ. ಈಚೆಗೆ ಬಿದ್ದ ತುಂಡುಗಳು ಚೂಪಾಗಿರುತ್ತವೆ. ಹಳೆಯವು ನೀರಿನಲ್ಲಿ ಉರುಳಿ ನುಣುಪಾಗಿರುತ್ತವೆ. ಬಸಾಲ್ಟ್‌ನ ಕಣಗಳು ಬಹಳ ಸಣ್ಣವು, ತಿಕ್ಕಿದಷ್ಟೂ ಹೊಳಪು ಬರುವಂಥವು. ಬಿಸಿಲು ಕಾಣದ ಆ ತಳದಲ್ಲಿ ನೀರಿನ ಬದಿಯ ಕಲ್ಲುಗಳ ಮೇಲೆ ಪಾಚಿಯ ತೆಳುವಾದ ಪೊರೆಯೂ ಇರುತ್ತದೆ. ಬಾದಾಮಿಯ ಕಾಲಿಗೆ ಅದು ಅಪರಿಚಿತ ನೆಲ.

ಮಳೆಗಾಲದಲ್ಲಿ ಆ ದರಿಯಲ್ಲಿ ಇಳಿಯುವಂತಿಲ್ಲ ಎಂಬುದಕ್ಕೂ ಈ ರಚನೆಯೇ ಕಾರಣವಾಗಿದ್ದು, ಮೇಲಿನಿಂದ ನೀರು ಒಮ್ಮೆಲೇ ನುಗ್ಗಿದರೆ ಬದಿಗೆ ಸರಿದು ನಿಲ್ಲಲು ಜಾಗವೇ ಇರುವುದಿಲ್ಲ. ತಮ್ಮ ಮಗಳು ಫೆಬ್ರವರಿಯನ್ನು ಆರಿಸಿಕೊಂಡಿರುವುದು ಒಳ್ಳೆಯದಾಯಿತು.

ಪ್ರಶ್ನೆಗೆ ನೇರ ಸಂಬಂಧವಿಲ್ಲದಿದ್ದರೂ ಒಂದು ಮಾತನ್ನು ಹೇಳದೆ ಇರಲಾರೆ: ಸಾಮ್ರದ್‌ನ ಆಸುಪಾಸಿನಲ್ಲಿ ನಿಂತಾಗ ನಾವಿರುವುದು ಎರಡು ಸಮುದ್ರಗಳ ನಡುವಿನ ಗೆರೆಯ ಮೇಲೆ. ರತನಗಡ ಕೋಟೆಯ ಕಡೆ ಬಿದ್ದ ಮಳೆ ಪ್ರವರಾ ನದಿಯಾಗಿ, ಭಂಡಾರದರಾದ ಜಲಾಶಯವನ್ನು ತುಂಬಿ, ಗೋದಾವರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ದರಿಯೊಳಗೆ ಬಿದ್ದದ್ದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ತಾವು ಈ ಬಾರಿ ಹೋದರೆ ದರಿಗೆ ಇಳಿಯುವ ಮೊದಲು ಒಂದು ನಿಮಿಷ ಅಲ್ಲಿ ನಿಂತು ಎರಡೂ ಕಡೆ ನೋಡಿ.

ಉತ್ತರ 3: ಮಡಗಾಂವದ ಕನ್ನಡತಿ

ಹಿಂದಿನ ಇಬ್ಬರೂ ಹೇಳಿದ್ದನ್ನು ನಾನು ಒಪ್ಪುತ್ತೇನೆ, ಆದರೆ ಮಾರ್ಗದರ್ಶಿಯ ಪರವಾಗಿ ಮಾತ್ರ ಮಾತು ಸಾಗುತ್ತಿರುವುದು ನನಗೆ ಸರಿ ಕಾಣುತ್ತಿಲ್ಲ. ನನ್ನ 51ನೆಯ ವಯಸ್ಸಿನಲ್ಲಿ ಘಟ್ಟದ ಒಂದು ಚಾರಣಕ್ಕೆ ಹಣ ಕಟ್ಟಿ ಹೋದಾಗ, ಬಸ್ಸಿನಿಂದ ಇಳಿಯುತ್ತಿದ್ದಂತೆಯೇ, ನಾನು ಒಂದು ಹೆಜ್ಜೆಯನ್ನೂ ನಡೆಯುವ ಮೊದಲೇ, ಮುಂದಾಳುವಾಗಿದ್ದವರು ಒಬ್ಬರು "ಆಂಟಿ, ನೀವು ಇಲ್ಲಿಯೇ ಹೋಟೆಲಿನಲ್ಲಿ ಕುಳಿತಿರಿ" ಎಂದರು. ನನ್ನ ಸೀರೆಯನ್ನೂ ತಲೆಯನ್ನೂ ನೋಡಿದರೇ ಹೊರತು ಕಾಲನ್ನು ನೋಡಲಿಲ್ಲ. ನಾನು ಕೇಳಲಿಲ್ಲ, ಹೋದೆ, ಎಲ್ಲರೊಂದಿಗೆ ಹಿಂದಿರುಗಿದೆ. ಆದರೂ ಆ ದಿನ ಇಡೀ ದಾರಿಯಲ್ಲಿ ನಾನು ನೋಡಿದ್ದು ಬೆಟ್ಟವನ್ನಲ್ಲ, ನನ್ನ ಹೆಜ್ಜೆ ತಪ್ಪುವುದನ್ನೇ ಕಾಯುತ್ತಿರುವಂತಿದ್ದ ಅವರ ಕಣ್ಣನ್ನು.

ನಿಮ್ಮ ವಿಷಯದಲ್ಲಿ ಆ ಹುಡುಗ ಹಾಗೆ ಮಾಡಲಿಲ್ಲ. ಎರಡು ಗಂಟೆ ನಿಮ್ಮ ನಡಿಗೆಯನ್ನು ನೋಡಿದ, ನಿಮಗಿಂತ ಹಿರಿಯರನ್ನು ಇಳಿಯಲು ಬಿಟ್ಟ. ಆದ್ದರಿಂದ ನರೆಗೂದಲಿನ ಲೆಕ್ಕ ಅಲ್ಲಿರಲಿಲ್ಲ ಎಂದೇ ನನಗೂ ತೋರುತ್ತದೆ. ಆದರೆ ಕಾರಣವನ್ನು ಹೇಳಬೇಕಾಗಿತ್ತು. ಐವತ್ತರ ಹತ್ತಿರ ಬಂದ ಮನುಷ್ಯನಿಗೆ ತನ್ನ ದೇಹದ ಬಗ್ಗೆ ಮೊದಲೇ ನೂರು ಅನುಮಾನಗಳಿರುತ್ತವೆ; 'ತೊಂದರೆಯಾಗುತ್ತದೆ' ಎಂಬ ಒಂದು ಮಾತನ್ನು ಹೇಳಿ ಕಳುಹಿಸಿದರೆ, ಆ ಖಾಲಿ ಜಾಗವನ್ನು ಅವನು ಹನ್ನೆರಡು ವರ್ಷ ತನಗೆ ತೋಚಿದ ಕಾರಣಗಳಿಂದ ತುಂಬಿಕೊಳ್ಳುತ್ತಾನೆ. 'ನೀವು ನಾಲ್ಕು ಬಾರಿ ಜಾರಿದಿರಿ, ಮುಂದೆ ಇನ್ನೂ ಐದು ಗಂಟೆ ಇದೇ ದಾರಿ' ಎನ್ನಲು ಅರ್ಧ ನಿಮಿಷ ಸಾಕಾಗುತ್ತಿತ್ತು.

ಉತ್ತರ 4: ಸಹ್ಯಾದ್ರಿ ಸಂಚಾರಿ, ಪುಣೆ

ಮೇಡಂ, ನಿಮ್ಮ ಮಾತು ನೂರಕ್ಕೆ ನೂರು ಸರಿ, ನಾನೂ ಈ ತಪ್ಪನ್ನು ಮಾಡಿದ್ದೇನೆ. ಹಗ್ಗದ ಬಳಿ ನಿಂತಾಗ ಕಣ್ಣು ಹಗ್ಗವನ್ನು ಬಿಗಿದ ಆಂಕರಿನ ಮೇಲೆ, ಕೈ ಬಿಲೇಯ ಮೇಲೆ ಇರುತ್ತದೆ, ಮಾತು ತುಂಡಾಗುತ್ತದೆ. ಎಲ್ಲರ ಮುಂದೆ ವಿವರಿಸಿದರೆ ಅವರಿಗೆ ಅವಮಾನವಾದೀತೆಂಬ ಹಿಂಜರಿಕೆಯೂ ಇರುತ್ತದೆ. ಈಗ ನಾನು ತೀರ್ಮಾನಕ್ಕೆ ಮುಂಚೆಯೇ, ನೀರಿನ ಮೊದಲ ಹೊಂಡದ ಬಳಿ ಬದಿಗೆ ಕರೆದು ಹೇಳುತ್ತೇನೆ. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಸಾಹಸ ಪ್ರವಾಸೋದ್ಯಮ ನೀತಿಯನ್ನು ತಂದು ಆಯೋಜಕರ ನೋಂದಣಿ, ಸುರಕ್ಷತೆ ಎಂದೆಲ್ಲ ನಿಯಮ ಮಾಡಿದ್ದು ಸ್ವಾಗತಾರ್ಹ, ಆದರೆ ಹಿಂದಕ್ಕೆ ಕಳುಹಿಸುವಾಗ ಹೇಗೆ ಮಾತನಾಡಬೇಕೆಂಬುದನ್ನು ಅನುಭವವೇ ಕಲಿಸಬೇಕು.

ಉತ್ತರ 5: ಕಣ್ಣಿನ ಪರೀಕ್ಷಕಿ, ಡೊಂಬಿವಲಿ

ಬಾದಾಮಿಯವರೇ, ನಾನು ಚಾರಣ ಮಾಡುವವಳಲ್ಲ. ಇಪ್ಪತ್ತು ವರ್ಷಗಳಿಂದ ಕನ್ನಡಕದ ನಂಬರು ನೋಡುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಾಗ "ಮಾನ ಖಾಲೀ ಘಾಲೂನ ಬಘಾ" ಎಂಬ ವಾಕ್ಯ ಬಂದ ಕೂಡಲೇ ಎದ್ದು ಕುಳಿತೆ, ಏಕೆಂದರೆ ನಾನು ದಿನಕ್ಕೆ ಹತ್ತು ಬಾರಿ ಅದೇ ವಾಕ್ಯವನ್ನು ಹೇಳುತ್ತೇನೆ.

ದಯವಿಟ್ಟು ನೆನಪು ಮಾಡಿಕೊಳ್ಳಿ: ಆ ದಿನ ನೀವು ಯಾವ ಕನ್ನಡಕ ಹಾಕಿದ್ದಿರಿ?

ಕೇಳುತ್ತಿರುವ ಕಾರಣವನ್ನು ಹೇಳುತ್ತೇನೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರ ಓದುವುದು ಕಷ್ಟವಾಗುತ್ತದೆ; ದೂರಕ್ಕೂ ನಂಬರಿದ್ದವರಿಗೆ ಆಗ ನಾವು ಸಾಮಾನ್ಯವಾಗಿ ಪ್ರೊಗ್ರೆಸಿವ್ ಅಥವಾ ಬೈಫೋಕಲ್ ಕನ್ನಡಕವನ್ನು ಕೊಡುತ್ತೇವೆ. ಅದರ ಮೇಲ್ಭಾಗ ದೂರ ನೋಡಲು, ಕೆಳಭಾಗ ಒಂದೂಕಾಲು ಅಡಿ ದೂರದ ಪುಸ್ತಕ ಓದಲು. ನಿಂತವರ ಪಾದವಾದರೋ ಕಣ್ಣಿನಿಂದ ಐದು ಅಡಿಯ ಆಸುಪಾಸಿನಲ್ಲಿರುತ್ತದೆ. ತಲೆಯನ್ನು ನೇರವಾಗಿಟ್ಟುಕೊಂಡು ಕಣ್ಣನ್ನು ಮಾತ್ರ ಕೆಳಗೆ ಹೊರಳಿಸಿದರೆ ಓದುವ ಭಾಗದ ಮೂಲಕ ನೋಡಿದಂತಾಗಿ, ಕಾಲಿಡಬೇಕಾದ ಕಲ್ಲು ಮಸುಕಾಗುತ್ತದೆ. ಅದರ ಅಂಚು ಎಲ್ಲಿ, ಎಷ್ಟು ಆಳದಲ್ಲಿದೆ ಎಂಬುದು ಮೋಸ ಮಾಡುತ್ತದೆ. ಸಪಾಟಾದ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಮೆಟ್ಟಿಲಿನಲ್ಲಿ ಗೊತ್ತಾಗುತ್ತದೆ. ಬಂಡೆರಾಶಿಯಲ್ಲಿ ಪ್ರತಿ ಹೆಜ್ಜೆಗೂ ಗೊತ್ತಾಗಬೇಕು, ಆದರೆ ನಡೆಯುವವರು ಅದನ್ನು ಕಾಲಿನ ತಪ್ಪು ಎಂದುಕೊಳ್ಳುತ್ತಾರೆ. ಇದಕ್ಕೆ ಪರಿಹಾರವೆಂದರೆ ಕತ್ತನ್ನೇ ಬಗ್ಗಿಸಿ, ಗಲ್ಲವನ್ನು ಎದೆಯ ಕಡೆಗೆ ತಂದು, ಮೇಲಿನ ಭಾಗದಿಂದ ಕೆಳಗೆ ನೋಡುವುದು. ಹೊಸ ಕನ್ನಡಕ ಕೊಡುವಾಗ ನಾನು ಹೇಳುವುದು ಇದನ್ನೇ: ಕಾಕಾ, ಮೆಟ್ಟಿಲು ಇಳಿಯುವಾಗ ಮಾನ ಖಾಲೀ ಘಾಲೂನ ಬಘಾ.

2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ವಯಸ್ಸಾದವರ ಮೇಲೆ ಇದನ್ನು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಹೊರಗೆ ಓಡಾಡುವಾಗ ಬಳಸಲೆಂದು ದೂರದ ನಂಬರಿನ ಪ್ರತ್ಯೇಕ ಕನ್ನಡಕವನ್ನು ಕೊಟ್ಟಾಗ, ನಿತ್ಯ ಹೊರಗೆ ತಿರುಗಾಡುವ ಅಭ್ಯಾಸವಿದ್ದವರು ಬೀಳುವುದು ಕಡಿಮೆಯಾಯಿತು. ನಿಮ್ಮ ದರಿಯಲ್ಲಿ ಇನ್ನೊಂದು ತೊಡಕೂ ಇದೆ. ವಯಸ್ಸಾದಂತೆ ಕಣ್ಣಿನ ಪಾಪೆ ಸಣ್ಣದಾಗಿ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ, ಬಿಸಿಲಿನಿಂದ ನೆರಳಿಗೆ ಬಂದಾಗ ಹೊಂದಿಕೊಳ್ಳುವುದೂ ನಿಧಾನವಾಗುತ್ತದೆ. ಕಪ್ಪು ಕಲ್ಲು, ಮಬ್ಬು ಬೆಳಕು, ಮಸುಕಾದ ಕನ್ನಡಕ. ಪಾಪ, ಕಾಲನ್ನು ದೂರಿ ಏನು ಪ್ರಯೋಜನ?

ಆ ಹುಡುಗನಿಗೆ ಕನ್ನಡಕದ ಶಾಸ್ತ್ರ ಗೊತ್ತಿರಬೇಕಾಗಿಲ್ಲ. ವರ್ಷಕ್ಕೆ ನೂರಾರು ಜನರನ್ನು ಆ ಬಂಡೆಗಳ ಮೇಲೆ ನಡೆಸಿದವನಿಗೆ, ಕನ್ನಡಕ ಹಾಕಿದ ಕಾಕಾಗಳು ಕಣ್ಣನ್ನು ಮಾತ್ರ ಕೆಳಗೆ ಮಾಡಿದಾಗ ಜಾರುತ್ತಾರೆ, ಕತ್ತು ಬಗ್ಗಿಸಿದಾಗ ಜಾರುವುದಿಲ್ಲ ಎಂಬುದು ನೋಡಿ ನೋಡಿಯೇ ತಿಳಿದಿರಬಹುದು. ಇದು ನನ್ನ ಊಹೆ. ನೀವು ಉತ್ತರಿಸಿದರೆ ತಿಳಿಯುತ್ತದೆ.

ಉತ್ತರ 6: ಠಾಣೆಯಲ್ಲಿರುವ ಬಾದಾಮಿಯವ

ಎಲ್ಲರಿಗೂ ಕೃತಜ್ಞತೆಗಳು. ಮೂರು ದಿನ ತಡವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಡೊಂಬಿವಲಿಯ ಸಹೋದರಿಯವರ ಪ್ರಶ್ನೆಯನ್ನು ಓದಿದ ಮೇಲೆ, ಅಂದು ಸಹೋದ್ಯೋಗಿಯೊಬ್ಬರು ತೆಗೆದು ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದ ಫೋಟೋಗಳನ್ನು ಹುಡುಕಿದೆ. ಈ ಹನ್ನೆರಡು ವರ್ಷಗಳಲ್ಲಿ ಅವನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ.

ಒಂದು ಫೋಟೋದಲ್ಲಿ ನಾನು ಮೊದಲ ನೀರಿನ ಹೊಂಡದ ಈಚೆ ದಡದಲ್ಲಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ನಿಂತಿದ್ದೇನೆ. ಮುಖದ ಮೇಲೆ ಚಿನ್ನದ ಬಣ್ಣದ ತೆಳುವಾದ ಚೌಕಟ್ಟಿನ ಕನ್ನಡಕವಿದೆ. ಅದು ನನ್ನ ಮೊದಲ ಪ್ರೊಗ್ರೆಸಿವ್ ಕನ್ನಡಕ; ಆ ಜನವರಿಯ ಸಂಕ್ರಮಣದ ಮರುವಾರ ಮಾಡಿಸಿದ್ದೆಂದು ನನ್ನ ಹೆಂಡತಿ ಒಂದು ಕ್ಷಣವೂ ಯೋಚಿಸದೆ ಹೇಳಿದಳು, ಏಕೆಂದರೆ ಅದನ್ನು ಹಾಕಿಕೊಂಡ ಮೊದಲ ವಾರದಲ್ಲಿಯೇ ನಾನು ನಮ್ಮ ಕಟ್ಟಡದ ಕೊನೆಯ ಮೆಟ್ಟಿಲನ್ನು ತಪ್ಪಿ ಮುಗ್ಗರಿಸಿದ್ದು ಅವಳಿಗೆ ನೆನಪಿತ್ತು. ನನಗೆ ನೆನಪಿರಲಿಲ್ಲ.

ಇನ್ನೊಂದು ಫೋಟೋ ಹಗ್ಗದ ಇಳಿತಕ್ಕೆ ಸ್ವಲ್ಪ ಮೊದಲಿನದು. ಎಲ್ಲರೂ ಕ್ಯಾಮೆರಾದ ಕಡೆಗೆ ನೋಡುತ್ತಿದ್ದಾರೆ. ಅಂಚಿನಲ್ಲಿರುವ ಆ ಹುಡುಗ ಮಾತ್ರ ನನ್ನ ಪಾದಗಳನ್ನು ನೋಡುತ್ತಿದ್ದಾನೆ. ಮುಖದಲ್ಲಿ ಅಸಹನೆಯಿರಬಹುದೆಂದು ಹುಡುಕಿದೆ, ಕಾಣಲಿಲ್ಲ. ಗಮನವಿಟ್ಟು ನೋಡುತ್ತಿದ್ದಾನೆ, ಅಷ್ಟೇ. ಅಂದು ಅವನು ಹೇಳುತ್ತಿದ್ದದ್ದನ್ನು ನೇರ ಅರ್ಥದಲ್ಲಿಯೇ ತೆಗೆದುಕೊಂಡು ಕತ್ತು ಬಗ್ಗಿಸಿ ನೋಡಿದ್ದರೆ, ನಾನೂ ಡೆಹಣೆಯನ್ನು ಸೇರುತ್ತಿದ್ದೆನೇನೋ. ತಲೆ ತಗ್ಗಿಸಬೇಕೆಂದು ಹೇಳುತ್ತಿದ್ದಾನೆಂದು ತಿಳಿದು, ಹಟದಿಂದ ಇನ್ನಷ್ಟು ನೆಟ್ಟಗೆ ನಡೆದಿದ್ದೆ.

ಮಡಗಾಂವದ ಸಹೋದರಿಯವರು ಹೇಳಿದಂತೆ ಅವನು ಕಾರಣವನ್ನು ಹೇಳಬೇಕಾಗಿತ್ತೆಂದು ಈಗಲೂ ನನಗನಿಸುತ್ತದೆ. ಆದರೆ ಅವನು ಎರಡು ಗಂಟೆಯುದ್ದಕ್ಕೂ ಹೇಳುತ್ತಲೇ ಇದ್ದನೆಂಬುದು ಈಗ ತಿಳಿಯಿತು. ಭಾಕರಿಯನ್ನು ಅರ್ಧ ಬಿಟ್ಟು ಎದ್ದದ್ದಕ್ಕಾಗಿ ಅವನ ಮನೆಯವರ ಬಳಿ ಒಂದು ಮಾತು ಹೇಳಬೇಕಾಗಿದೆ.

ದೂರದ ನಂಬರಿನ ಪ್ರತ್ಯೇಕ ಕನ್ನಡಕಕ್ಕೆ ನಿನ್ನೆ ಹೇಳಿ ಬಂದೆ, ಹಿಂದೆ ದಾರ ಕಟ್ಟಿಕೊಳ್ಳಲು ಆಗುವಂಥದ್ದು. ಮೆಟ್ಟಿಲಿಳಿಯುವುದನ್ನೂ ಆರಂಭಿಸಿದ್ದೇನೆ, ಹನ್ನೊಂದು ಮಹಡಿ, ಎರಡನೆಯ ದಿನವೇ ತೊಡೆಗಳು ಹಿಡಿದುಕೊಂಡಿವೆ. ಅರವತ್ತರಲ್ಲಿ ಡೆಹಣೆಯವರೆಗೆ ಇಳಿಯುವ ಆಸೆಯನ್ನು ಬಿಟ್ಟಿದ್ದೇನೆ. ಮೊದಲ ಹಗ್ಗದ ಇಳಿತದವರೆಗೆ ಮಗಳೊಂದಿಗೆ ಹೋಗಿ, ಅವಳು ಇಳಿದು ಕೆಳಗಿನಿಂದ ಕೈ ಬೀಸಿದ ಮೇಲೆ ಹಿಂದಿರುಗುತ್ತೇನೆ.

ಸಂಚಾರಿಯವರಲ್ಲಿ ಕೊನೆಯದಾಗಿ ಒಂದು ವಿಚಾರಣೆ. ನಾನು ಸಾಮ್ರದ್‌ಗೆ ಮರಳಿದ ಮೇಲೆ ಕಾರಿನಲ್ಲಿ ಘೋಟಿ, ಕಸಾರಾ ಘಾಟ್, ಶಹಾಪುರದ ಮೇಲಿಂದ ಸುತ್ತಿ ಬಂದರೆ, ಮಗಳು ಡೆಹಣೆಯನ್ನು ಸೇರುವ ಹೊತ್ತಿಗೆ ನಾನೂ ಅಲ್ಲಿರಬಲ್ಲೆನೇ? ಹಳ್ಳಿಯಿಂದ ಎಷ್ಟು ಗಂಟೆಗೆ ಹೊರಡಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 7: ಸಹ್ಯಾದ್ರಿ ಸಂಚಾರಿ, ಪುಣೆ

ಖಂಡಿತ ಸೇರಬಹುದು ಸರ್. ಮಧ್ಯಾಹ್ನ ಊಟ ಮುಗಿಸಿ ಒಂದು ಗಂಟೆಗೆಲ್ಲ ಸಾಮ್ರದ್ ಬಿಡಿ, ಕಸಾರಾ ಘಾಟಿನಲ್ಲಿ ಲಾರಿಗಳ ಸಾಲು ಸಿಕ್ಕರೂ ಸಂಜೆಯ ಒಳಗೆ ತಲುಪುತ್ತೀರಿ. ದರಿಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದೆಂದು ನಂಬಿಕೊಳ್ಳಬೇಡಿ. ಅವರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾವ ಮನೆಯ ಬಳಿ ಕಾಯಬೇಕು ಎಂಬುದನ್ನು ಬೆಳಿಗ್ಗೆಯೇ ಮಾರ್ಗದರ್ಶಿಯೊಂದಿಗೆ ಮಾತನಾಡಿಕೊಂಡಿರಿ. ಮತ್ತೆ, ಊಟವನ್ನು ಆ ಮನೆಯಲ್ಲಿಯೇ ಮಾಡಿ.